ಕಲ್ಲು ಹೋಯಿತು, ಪೈಪ್ ಒಳಗೇ ಇದೆ: ಕಿಡ್ನಿ ಸ್ಟೋನ್ ಆಪರೇಷನ್ನಿನ ಸ್ಟೆಂಟ್ ಮತ್ತು ಸೋಂಕು

ಕಿಡ್ನಿಯಲ್ಲಿ ಕಲ್ಲು ಅಂತ ಆಸ್ಪತ್ರೆ ಸೇರಿದವರು ಈಗ ಎರಡು ಮೂರು ದಿನದಲ್ಲೇ ಮನೆಗೆ ಬರುತ್ತಾರೆ. ಹೊಟ್ಟೆ ಕೊಯ್ದಿರುವುದಿಲ್ಲ, ಹೊಲಿಗೆ ಇರುವುದಿಲ್ಲ. ಲೇಸರ್‌ನಲ್ಲಿ ಪುಡಿ ಮಾಡಿ ತೆಗೆದರಂತೆ ಅಂತ ಮನೆಯವರೆಲ್ಲ ನಿರಾಳವಾಗುತ್ತಾರೆ. ಕೈಗೆ ಕೊಟ್ಟ ಡಿಸ್ಚಾರ್ಜ್ ಸಮ್ಮರಿ ಪೂರ್ತಿ ಇಂಗ್ಲಿಷ್‌ನಲ್ಲಿರುತ್ತದೆ. ಅದರ ಕೊನೆಯ ಪುಟದಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ, ಒಂದು ಸಾಲು: ಡಿಜೆ ಸ್ಟೆಂಟ್ ಒಳಗಿದೆ, ಮೂರು ವಾರ ಬಿಟ್ಟು ತೆಗೆಸಲು ಬರಬೇಕು. ಆ ಸಾಲನ್ನು ಓದದವರು ಎಷ್ಟೋ ಜನ. ಓದಿದರೂ ಅದು ಎಷ್ಟು ಮುಖ್ಯ ಅಂತ ಗೊತ್ತಾಗದವರು ಇನ್ನೂ ಎಷ್ಟೋ ಜನ.

ದುರ್ಬೀನು (ಎಂಡೋಸ್ಕೋಪ್) ಹಾಕಿ ಕಲ್ಲು ತೆಗೆಯುವ ಚಿಕಿತ್ಸೆ ಇವತ್ತು ತುಂಬಾ ಸುರಕ್ಷಿತ. ಆದರೂ ಅಪರೂಪಕ್ಕೆ ಜೀವಕ್ಕೇ ಸಂಚಕಾರ ಬಂದರೆ, ಅದಕ್ಕೆ ಮುಖ್ಯ ಕಾರಣ ಸೋಂಕು. ಕಿಡ್ನಿಯ ಸೋಂಕು ರಕ್ತಕ್ಕೆ ಇಳಿದು ಮೈಯೆಲ್ಲ ನಂಜಾಗುವುದು. ಒಳಗೆ ಬಿಟ್ಟ ಪೈಪ್, ಅಂದರೆ ಸ್ಟೆಂಟ್, ಇದಕ್ಕೆ ಎರಡು ರೀತಿಯಲ್ಲಿ ತಳುಕು ಹಾಕಿಕೊಂಡಿದೆ. ಕೆಲವರನ್ನು ಅದೇ ನಂಜಿನಿಂದ ಬದುಕಿಸುವುದು ಈ ಪೈಪ್. ಇನ್ನು ಕೆಲವರಿಗೆ ಸೋಂಕು ಒಳಗೆ ಮನೆ ಮಾಡಿಕೊಳ್ಳುವುದಕ್ಕೆ ಜಾಗ ಕೊಡುವುದೂ ಇದೇ ಪೈಪ್. ನನ್ನ ಪ್ರಕಾರ ಇಲ್ಲಿ ನೋಡಬೇಕಾದ ಪ್ರಶ್ನೆಗಳು ಎರಡು. ಅದು ಒಳಗೆ ಎಷ್ಟು ದಿನ ಇತ್ತು? ಕಲ್ಲು ಒಡೆಯುವ ಮುಂಚೆ ಮೂತ್ರದ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಆಗಿತ್ತಾ? ಎರಡಕ್ಕೂ ದುಬಾರಿ ಮೆಷಿನ್ ಬೇಕಿಲ್ಲ. ಆದರೂ ತಪ್ಪುವುದು ಇಲ್ಲೇ.

ಮೊದಲು ಸ್ಟೆಂಟ್ ಅಂದರೆ ಏನು ಅಂತ ನೋಡೋಣ. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಸಣ್ಣ ಕೊಳವೆ ಮೂತ್ರನಾಳ. ಅದರೊಳಗೆ ಇಡುವ ಮೆತ್ತನೆಯ ಪ್ಲಾಸ್ಟಿಕ್ ಅಥವಾ ಸಿಲಿಕೋನ್ ಪೈಪೇ ಸ್ಟೆಂಟ್. ದಪ್ಪ ಹೆಚ್ಚೆಂದರೆ 2 ಮಿಲಿಮೀಟರ್ ಆಸುಪಾಸು. ಉದ್ದ ದೊಡ್ಡವರಿಗೆ ಸಾಮಾನ್ಯವಾಗಿ 24ರಿಂದ 26 ಸೆಂಟಿಮೀಟರ್. ಮೈತುಂಬ ಸಣ್ಣ ಸಣ್ಣ ತೂತು. 1967ರಲ್ಲಿ ಅಮೆರಿಕದ ವೈದ್ಯ ಜಿಮ್ಸ್‌ಕಿಂಡ್ ಮತ್ತು ಸಂಗಡಿಗರು ಇಂಥ ಸಿಲಿಕೋನ್ ಕೊಳವೆ ಬಳಸಿದ್ದನ್ನು ಪ್ರಕಟಿಸಿದರು. ಆದರೆ ಅದು ಒಳಗೆ ಜಾರಿಬಿಡುತ್ತಿತ್ತು. 1978ರಲ್ಲಿ ಫಿನ್ನಿ ಎಂಬ ವೈದ್ಯರು ಎರಡೂ ತುದಿಗೆ ಇಂಗ್ಲಿಷಿನ ಜೆ ಅಕ್ಷರದಂತೆ ಸುರುಳಿ ಕೊಟ್ಟರು. ಮೇಲಿನ ಸುರುಳಿ ಕಿಡ್ನಿಯಲ್ಲಿ, ಕೆಳಗಿನದು ಮೂತ್ರಕೋಶದಲ್ಲಿ ಕಚ್ಚಿ ನಿಲ್ಲುತ್ತದೆ. ಡಬಲ್ ಜೆ, ಅಂದರೆ ಡಿಜೆ. ಇವತ್ತಿಗೂ ಹೆಚ್ಚುಕಮ್ಮಿ ಅದೇ ವಿನ್ಯಾಸ.

ಇದನ್ನು ಹೃದಯಕ್ಕೆ ಹಾಕುವ ಸ್ಟೆಂಟ್ ಜೊತೆ ಗೊಂದಲ ಮಾಡಿಕೊಳ್ಳುವವರು ಇದ್ದಾರೆ. ಹೃದಯದ ಸ್ಟೆಂಟ್ ಒಮ್ಮೆ ಹಾಕಿದರೆ ಅಲ್ಲೇ ಇರುತ್ತದೆ. ‘ನಮ್ಮ ಮಾವನಿಗೂ ಸ್ಟೆಂಟ್ ಹಾಕಿದ್ದಾರೆ, ಹತ್ತು ವರ್ಷ ಆಯ್ತು, ಆರಾಮಾಗಿದ್ದಾರೆ’ ಅನ್ನುವ ಮಾತು ಕೇಳಿ ಕಿಡ್ನಿಯ ಸ್ಟೆಂಟನ್ನೂ ಹಾಗೇ ಬಿಟ್ಟರೆ ಕೆಟ್ಟಂತೆ. ಇದು ಕೆಲವು ದಿನ ಅಥವಾ ವಾರಗಳ ಮಟ್ಟಿಗೆ ಇರಬೇಕಾದದ್ದು. ಕಲ್ಲು ತೆಗೆದ ಮೇಲೆ ಮೂತ್ರನಾಳ ಊದಿಕೊಂಡಿರುತ್ತದೆ, ಪುಡಿ ಉಳಿದಿರುತ್ತದೆ. ದಾರಿ ಕಟ್ಟಿಕೊಳ್ಳದಿರಲಿ ಅಂತ ಈ ಪೈಪ್.

ಇನ್ನು ಸ್ಟೆಂಟ್ ಪ್ರಾಣ ಉಳಿಸುವ ಸಂದರ್ಭ. ಕಲ್ಲು ಮೂತ್ರನಾಳಕ್ಕೆ ಅಡ್ಡ ಕೂತು, ಅದರ ಹಿಂದೆ ನಿಂತ ಮೂತ್ರದಲ್ಲಿ ಸೋಂಕಾದರೆ ಅದು ತುರ್ತು ಪರಿಸ್ಥಿತಿ. ಜ್ವರ, ನಡುಕ, ಪಕ್ಕೆನೋವು, ವಾಂತಿ. ಆಗ ಬರೀ ಆ್ಯಂಟಿಬಯಾಟಿಕ್ ಸಾಲದು. ದಾರಿ ಮುಚ್ಚಿದ ಕಿಡ್ನಿಯೊಳಗೆ ಔಷಧಿ ಸರಿಯಾಗಿ ತಲುಪುವುದೇ ಇಲ್ಲ. ಕೀವು ತುಂಬಿದ ಮೂತ್ರ ಮೊದಲು ಹೊರಗೆ ಹೋಗಬೇಕು. ಅದಕ್ಕೆ ಎರಡು ದಾರಿ: ಕೆಳಗಿನಿಂದ ಸ್ಟೆಂಟ್, ಇಲ್ಲವೇ ಬೆನ್ನಿನ ಕಡೆಯಿಂದ ಕಿಡ್ನಿಗೆ ಒಂದು ಟ್ಯೂಬ್. ಎರಡೂ ಸಮಸಮ ಕೆಲಸ ಮಾಡುತ್ತವೆ. ಅಮೆರಿಕದ ಆಸ್ಪತ್ರೆಗಳ ದಾಖಲೆ ನೋಡಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಲ್ಲು ಅಡ್ಡವಾಗಿ ನಂಜೇರಿದ್ದವರ ಪೈಕಿ ಹೀಗೆ ದಾರಿ ಬಿಡಿಸಿಕೊಂಡವರಲ್ಲಿ ಸಾವು ಸುಮಾರು ಶೇ 9, ಬಿಡಿಸದೆ ಉಳಿದವರಲ್ಲಿ ಸುಮಾರು ಶೇ 19.

ಈ ಹೊತ್ತಿನಲ್ಲಿ ಕಲ್ಲನ್ನು ಮುಟ್ಟುವ ಹಾಗಿಲ್ಲ. ಸೋಂಕು ಪೂರ್ತಿ ಇಳಿದ ಮೇಲೆಯೇ ಕಲ್ಲಿನ ಆಪರೇಷನ್. ಆದರೆ ರೋಗಿಯ ಕಡೆಯವರಿಗೆ ಇದು ಬೇರೆ ರೀತಿ ಕಾಣುತ್ತದೆ. ‘ಕಲ್ಲು ತೆಗೀದೆ ಸುಮ್ನೆ ಪೈಪ್ ಹಾಕಿ ಕಳಿಸಿದ್ರು, ದುಡ್ಡು ಮಾಡೋಕೆ ಎರಡೆರಡು ಸಲ ಕರೀತಾರೆ’ ಅಂತ ಬೇಜಾರಾಗುತ್ತಾರೆ. ಆ ಬೇಜಾರು ಅರ್ಥವಾಗುತ್ತದೆ. ದೂರದ ಊರಿಂದ ಬಂದು ಎರಡು ಸಲ ಅಡ್ಮಿಟ್ ಆಗುವುದು ಸಣ್ಣ ಖರ್ಚಲ್ಲ. ಆದರೂ ಜ್ವರ ಇರುವಾಗ ಕಲ್ಲು ಒಡೆಯದೆ ಪೈಪ್ ಮಾತ್ರ ಹಾಕಿದ ವೈದ್ಯರು ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ಇದನ್ನು ಅವರು ಕನ್ನಡದಲ್ಲಿ, ಕೂರಿಸಿಕೊಂಡು, ಮನೆಯವರಿಗೆ ಹೇಳಬೇಕಿತ್ತು ಅನ್ನುವುದು ಬೇರೆ ಮಾತು.

ಹಾಗಾದರೆ ಅದೇ ಪೈಪ್ ಸೋಂಕು ತರುವುದು ಹೇಗೆ?

ಆರೋಗ್ಯವಂತ ಮೂತ್ರನಾಳ ಸುಮ್ಮನೆ ಕೂತಿರುವ ಕೊಳವೆಯಲ್ಲ. ಅಲೆಅಲೆಯಾಗಿ ಹಿಸುಕುತ್ತಾ ಮೂತ್ರವನ್ನು ಕೆಳಕ್ಕೆ ತಳ್ಳುತ್ತಲೇ ಇರುತ್ತದೆ. ಅದು ಮೂತ್ರಕೋಶ ಸೇರುವ ಕಡೆ ಒಂದು ಕವಾಟದ ವ್ಯವಸ್ಥೆ ಇದೆ. ಕೆಳಗೆ ಬಂದ ಮೂತ್ರ ಮತ್ತೆ ಮೇಲೆ ಹೋಗದಂತೆ ಅದು ತಡೆಯುತ್ತದೆ. ಸ್ಟೆಂಟ್ ಇಟ್ಟಾಗ ಈ ಎರಡೂ ರಕ್ಷಣೆ ಸಡಿಲವಾಗುತ್ತವೆ. ಹಿಸುಕುವ ಅಲೆ ಕುಂದುತ್ತದೆ, ಕವಾಟ ತೆರೆದೇ ಇರುತ್ತದೆ. ಮೂತ್ರಕ್ಕೆ ಹೋದಾಗ ಮೂತ್ರಕೋಶ ಹಿಂಡಿದ ಒತ್ತಡ ಪೈಪಿನ ಮೂಲಕ ನೇರ ಕಿಡ್ನಿಗೆ ತಾಗುತ್ತದೆ. ಮೂತ್ರ ಮಾಡುವಾಗ ಬೆನ್ನಿನ ಪಕ್ಕದಲ್ಲಿ ಚಳಕ್ ಅನ್ನುತ್ತದೆ ಅಂತ ಸ್ಟೆಂಟ್ ಇರುವವರು ಹೇಳುವುದು ಇದಕ್ಕೇ. ಮೂತ್ರಕೋಶದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅವಕ್ಕೂ ಅದೇ ದಾರಿ.

ಎರಡನೆಯದು ಪೈಪಿನ ಮೈ ಮೇಲೆ ಆಗುವುದು. ಒಳಗೆ ಇಟ್ಟ ಸ್ವಲ್ಪ ಹೊತ್ತಿಗೇ ಮೂತ್ರದಲ್ಲಿರುವ ಪ್ರೋಟೀನು, ಲವಣ ಅದರ ಮೇಲೆ ತೆಳ್ಳಗೆ ಅಂಟಿಕೊಳ್ಳುತ್ತವೆ. ಆ ಪದರದ ಮೇಲೆ ಬ್ಯಾಕ್ಟೀರಿಯಾ ಕೂರುತ್ತವೆ. ಕೂತವು ಲೋಳೆಯಂಥ ವಸ್ತುವನ್ನು ಸ್ರವಿಸಿ ಅದರೊಳಗೆ ಗೂಡು ಕಟ್ಟುತ್ತವೆ. ಇದನ್ನೇ ಬಯೋಫಿಲ್ಮ್ ಅನ್ನುವುದು. ತೊಳೆಯದ ನೀರಿನ ತೊಟ್ಟಿಯ ಒಳಗೋಡೆ ಸವರಿದರೆ ಕೈಗೆ ಸಿಗುತ್ತದಲ್ಲ, ಆ ಜಾರುವ ಪದರ, ಅಂಥದ್ದು. ಹೊಸ ನೀರು ಎಷ್ಟು ಬಿಟ್ಟರೂ ಅದು ಹೋಗುವುದಿಲ್ಲ, ಅಲ್ವಾ? ಇಲ್ಲೂ ಹಾಗೇ. ಆ್ಯಂಟಿಬಯಾಟಿಕ್ ಮೂತ್ರದಲ್ಲಿ ತೇಲುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಲೋಳೆಯೊಳಗಿನವನ್ನು ಪೂರ್ತಿ ಕೊಲ್ಲಲಾರದು. ತೆಗೆದ ಸ್ಟೆಂಟ್‌ಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿಯೊಂದಿದೆ: ಮೂತ್ರದ ಕಲ್ಚರ್ ಸ್ವಚ್ಛ ಅಂತ ಬಂದಿರುತ್ತದೆ, ಆದರೆ ಸ್ಟೆಂಟ್ ಮೇಲೆ ಬ್ಯಾಕ್ಟೀರಿಯಾ ಬೆಳೆದಿರುತ್ತದೆ.

ಬ್ಯಾಕ್ಟೀರಿಯಾ ಅಂಟಿದೆ ಅಂದ ಮಾತ್ರಕ್ಕೆ ಕಾಯಿಲೆ ಬಂತು ಅಂತಲ್ಲ. ಬಹಳ ಜನರಿಗೆ ಏನೂ ಆಗದೆ ಪೈಪ್ ಹೊರಬರುತ್ತದೆ. ಅಪಾಯ ಜಾಸ್ತಿ ಇರುವುದು ಸಕ್ಕರೆ ಕಾಯಿಲೆ ಇರುವವರಿಗೆ, ಕಿಡ್ನಿ ಈಗಾಗಲೇ ದುರ್ಬಲವಾದವರಿಗೆ, ಹೆಂಗಸರಿಗೆ, ಗರ್ಭಿಣಿಯರಿಗೆ. ಎಲ್ಲಕ್ಕಿಂತ ಹೆಚ್ಚಾಗಿ, ದಿನ ಕಳೆದಷ್ಟೂ. ಇಸ್ರೇಲಿನ ವೈದ್ಯರು 2017ರಲ್ಲಿ ಪ್ರಕಟಿಸಿದ ಲೆಕ್ಕ ಇದನ್ನು ಚೆನ್ನಾಗಿ ತೋರಿಸುತ್ತದೆ. ಮೊದಲು ಸ್ಟೆಂಟ್ ಹಾಕಿಸಿಕೊಂಡು ಆಮೇಲೆ ಕಲ್ಲು ತೆಗೆಸಿಕೊಂಡವರನ್ನು ಅವರು ನೋಡಿದರು. ಸ್ಟೆಂಟ್ ಒಂದು ತಿಂಗಳೊಳಗೆ ಇದ್ದವರಲ್ಲಿ ಆಪರೇಷನ್ ನಂತರ ನಂಜಾದದ್ದು ಸುಮಾರು ಶೇ 1 ಮಂದಿಗೆ. ಎರಡು ತಿಂಗಳಾಗಿದ್ದವರಲ್ಲಿ ಅದು ಸುಮಾರು ಶೇ 5. ಮೂರು ತಿಂಗಳು ದಾಟಿದವರಲ್ಲಿ ಸುಮಾರು ಶೇ 9. ಆಪರೇಷನ್ ಅದೇ, ಲೇಸರ್ ಅದೇ. ಕಾಯಿಸಿದ ದಿನಗಳಷ್ಟೇ ಬೇರೆ.

ಹಾಗಾಗಿ ‘ಸ್ಟೆಂಟ್ ಹಾಕಿದೆ, ಈಗ ನೋವಿಲ್ಲ, ಸುಗ್ಗಿ ಮುಗಿಸಿ ಬರ್ತೀವಿ’ ಅಂತ ಮುಂದಕ್ಕೆ ಹಾಕುವುದು ಸಣ್ಣ ವಿಷಯ ಅಲ್ಲ. ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ಖಾಲಿ ಇಲ್ಲ ಅಂತ ಎರಡು ತಿಂಗಳ ಮುಂದಿನ ದಿನ ಕೊಡುವುದೂ ಸಣ್ಣ ವಿಷಯ ಅಲ್ಲ. ಸ್ಟೆಂಟ್ ಇರುವವರಿಗೆ ಸರದಿಯಲ್ಲಿ ಆದ್ಯತೆ ಸಿಗಲೇಬೇಕು.

ಕಲ್ಲು ಒಡೆಯುವ ಟೇಬಲ್ ಮೇಲೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದುರ್ಬೀನು ಒಳಗೆ ಹೋದಾಗ ಕಣ್ಣಿಗೆ ಸ್ಪಷ್ಟವಾಗಿ ಕಾಣಲಿ ಅಂತ ಸಲೈನ್ ನೀರನ್ನು ಒತ್ತಡದಲ್ಲಿ ಬಿಡುತ್ತಿರುತ್ತಾರೆ. ಕಿಡ್ನಿಯ ಒಳಗಿನ ಒತ್ತಡ ಮಾಮೂಲಿಯಾಗಿ ತೀರಾ ಕಡಿಮೆ, 15 ಸೆಂಟಿಮೀಟರ್ ನೀರಿನ ಮಟ್ಟಕ್ಕಿಂತ ಒಳಗೆ. ಅದು ಸುಮಾರು 40 ದಾಟಿದರೆ ಒಳಗಿನ ನೀರು ಹಿಮ್ಮುಖವಾಗಿ ರಕ್ತನಾಳಕ್ಕೆ ನುಗ್ಗಲು ಶುರುವಾಗುತ್ತದೆ. ಕೈಯಿಂದ ಪಂಪ್ ಒತ್ತಿದಾಗ ಒತ್ತಡ 100 ದಾಟುವುದು ಕಷ್ಟವೇನಲ್ಲ. ಆ ನೀರಿನಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅದೂ ರಕ್ತಕ್ಕೆ ಸೇರಿತು. ಆಪರೇಷನ್ ಮುಗಿದ ಕೆಲವೇ ಗಂಟೆಯಲ್ಲಿ ಚಳಿ, ನಡುಕ, ಬಿ.ಪಿ. ಇಳಿಯುವುದು ಕಾಣುತ್ತದಲ್ಲ, ಅದರ ಹಿಂದಿರುವುದು ಇದು.

ಬ್ಯಾಕ್ಟೀರಿಯಾ ಇರುವುದು ಮೂತ್ರದಲ್ಲಿ ಮಾತ್ರ ಅಲ್ಲ. ಕೆಲವು ಕಲ್ಲುಗಳ ಒಳಗೇ ಅವು ಸೇರಿಕೊಂಡಿರುತ್ತವೆ. ಪ್ರೋಟಿಯಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳಂತೂ ಮೂತ್ರವನ್ನು ಕ್ಷಾರೀಯ ಮಾಡಿ ತಾವೇ ಕಲ್ಲು ಬೆಳೆಸುತ್ತವೆ. ಅಂಥ ಕಲ್ಲು ಒಡೆದಾಗ ಒಳಗಿದ್ದದ್ದೆಲ್ಲ ಹೊರಗೆ ಬರುತ್ತದೆ. ಮುಂಚೆ ಮಾಡಿದ ಮೂತ್ರ ಪರೀಕ್ಷೆ ಸ್ವಚ್ಛವಿದ್ದೂ ಜ್ವರ ಬರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದಲೇ ಒಡೆದ ಕಲ್ಲಿನ ಚೂರನ್ನೂ ಕಲ್ಚರ್‌ಗೆ ಕಳಿಸುವುದು ಒಳ್ಳೆಯದು. ನಂತರ ಜ್ವರ ಬಂದರೆ ಯಾವ ಔಷಧಿ ಕೊಡಬೇಕು ಅನ್ನುವುದಕ್ಕೆ ಅದು ಮೂತ್ರಕೋಶದ ಮೂತ್ರಕ್ಕಿಂತ ಚೆನ್ನಾಗಿ ದಾರಿ ತೋರಿಸುತ್ತದೆ.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಬಂದ ಒಂದು ವಿಶ್ಲೇಷಣೆ 5,500ಕ್ಕೂ ಹೆಚ್ಚು ರೋಗಿಗಳ ಮಾಹಿತಿ ನೋಡಿತು. ದುರ್ಬೀನಿನ ಆಪರೇಷನ್ ಆದ ಮೇಲೆ ನಂಜು ಕಂಡದ್ದು ಸರಾಸರಿ ಶೇ 5 ಮಂದಿಯಲ್ಲಿ. ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಎದ್ದು ಕಂಡದ್ದು ಎರಡು: ಮೊದಲೇ ಸ್ಟೆಂಟ್ ಇದ್ದದ್ದು, ಮತ್ತು ಮೂತ್ರದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದು. ಜೊತೆಗೆ ವಯಸ್ಸು, ಸಕ್ಕರೆ ಕಾಯಿಲೆ, ಹೃದ್ರೋಗ, ಆಪರೇಷನ್ ಹಿಡಿದ ಸಮಯ. ಇದನ್ನು ಓದುವಾಗ ಒಂದು ಎಚ್ಚರ ಇರಲಿ. ಮೊದಲೇ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಅನೇಕರು ಸೋಂಕಾಗಿಯೇ ಬಂದವರು. ಹಾಗಾಗಿ ತಪ್ಪೆಲ್ಲ ಪೈಪಿನದೇ ಅನ್ನಲಾಗದು. ಆದರೆ ಸ್ಟೆಂಟ್ ಇರುವ ರೋಗಿಯನ್ನು ಕಲ್ಲಿನ ಆಪರೇಷನ್ನಿಗೆ ಕರೆದೊಯ್ಯುವಾಗ ಹೆಚ್ಚು ಹುಷಾರಾಗಿರಬೇಕು ಅನ್ನುವುದರಲ್ಲಿ ಅನುಮಾನ ಇಲ್ಲ.

ಆ ಹುಷಾರಿನ ಮೊದಲ ಹೆಜ್ಜೆ ಯೂರಿನ್ ಕಲ್ಚರ್. ‘ಯೂರಿನ್ ಟೆಸ್ಟ್ ಆಗಿದೆ, ನಾರ್ಮಲ್’ ಅಂದರೆ ಸಾಲದು. ರೊಟೀನ್ ಟೆಸ್ಟ್ ಬೇರೆ, ಕಲ್ಚರ್ ಬೇರೆ. ಸ್ಟೆಂಟ್ ಉಜ್ಜುವುದರಿಂದಲೇ ಮೂತ್ರದಲ್ಲಿ ಕೀವುಕಣ, ರಕ್ತಕಣ ಬರುತ್ತವೆ. ಅಂಥವರಲ್ಲಿ ರೊಟೀನ್ ಟೆಸ್ಟಿನಿಂದ ಸೋಂಕು ಇದೆಯೋ ಇಲ್ಲವೋ ಅಂತ ಹೇಳುವುದು ಕಷ್ಟ. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಅದು ಯಾವುದು, ಯಾವ ಔಷಧಿಗೆ ಸಾಯುತ್ತದೆ ಅಂತ ನೋಡುತ್ತಾರೆ. ಅದಕ್ಕೆ ಎರಡು ಮೂರು ದಿನ ಬೇಕು. ಬೆಳಿಗ್ಗೆ ಅಡ್ಮಿಟ್, ಮಧ್ಯಾಹ್ನ ಆಪರೇಷನ್ ಅಂದರೆ ಅದು ಸಿಗುವುದಿಲ್ಲ. ಮೂರು ತಿಂಗಳ ಹಿಂದಿನ, ಸ್ಟೆಂಟ್ ಹಾಕುವ ಮುಂಚಿನ ರಿಪೋರ್ಟ್ ತೋರಿಸಿದರೂ ಉಪಯೋಗ ಇಲ್ಲ. ಒಳಗಿನ ಬ್ಯಾಕ್ಟೀರಿಯಾ ಅಷ್ಟರಲ್ಲಿ ಬದಲಾಗಿರಬಹುದು.

ಸ್ಯಾಂಪಲ್ ಕೊಡುವ ರೀತಿಯೂ ಮುಖ್ಯ. ಆ್ಯಂಟಿಬಯಾಟಿಕ್ ಶುರು ಮಾಡುವ ಮುಂಚೆಯೇ ಕೊಡಬೇಕು. ಆ ಜಾಗವನ್ನು ನೀರಲ್ಲಿ ತೊಳೆದು, ಮೊದಲು ಬರುವ ಸ್ವಲ್ಪ ಮೂತ್ರ ಬಿಟ್ಟು, ನಡುವಿನದನ್ನು ಲ್ಯಾಬಿನವರು ಕೊಟ್ಟ ಡಬ್ಬಿಗೆ ಹಿಡಿಯಬೇಕು. ಡಬ್ಬಿಯ ಒಳಗೆ ಬೆರಳು ತಾಗಬಾರದು. ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಹಿಡಿದು, ಬಸ್ಸಿನಲ್ಲಿ ಹೊತ್ತು ತಂದು, ಹತ್ತೂವರೆಗೆ ಕೊಟ್ಟರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ರಿಪೋರ್ಟ್ ಕೆಡುತ್ತದೆ. ಲ್ಯಾಬಿನ ಕಿಟಕಿಯಲ್ಲಿ ಡಬ್ಬಿ ಕೈಗಿಡುವವರು ಈ ನಾಲ್ಕು ಮಾತು ಹೇಳಿದರೆ ಎಷ್ಟೋ ಸುಳ್ಳು ರಿಪೋರ್ಟ್ ತಪ್ಪುತ್ತದೆ.

‘ಹಾಗಾದರೆ ಪೈಪ್ ಇರುವಷ್ಟು ದಿನವೂ ಆ್ಯಂಟಿಬಯಾಟಿಕ್ ತಗೊಂಡರೆ ಆಯ್ತಲ್ಲ?’ ಇಲ್ಲ. ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಸ್ಟೆಂಟ್ ಇದ್ದಷ್ಟು ದಿನ ಕಡಿಮೆ ಡೋಸ್ ಆ್ಯಂಟಿಬಯಾಟಿಕ್ ನುಂಗಿದವರಿಗೂ, ಹಾಕುವ ಹೊತ್ತಿಗೆ ಮಾತ್ರ ತೆಗೆದುಕೊಂಡವರಿಗೂ ಸೋಂಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ದಿನಾ ನುಂಗಿದರೆ ಆಗುವುದು ಒಂದೇ, ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಉಳಿದು ಬೆಳೆಯುವುದು. ಭಾರತದಲ್ಲಿ ಈ ಕಷ್ಟ ಮೊದಲೇ ಜಾಸ್ತಿ. ಮೂತ್ರದ ಸೋಂಕಿಗೆ ಸಾಮಾನ್ಯ ಕಾರಣವಾದ ಇ. ಕೋಲಿ ಮೇಲೆ ಸಿಪ್ರೊಫ್ಲಾಕ್ಸಾಸಿನ್‌ನಂಥ ಮಾತ್ರೆಗಳು ನಮ್ಮಲ್ಲಿ ಬಹುಮಟ್ಟಿಗೆ ಕೆಲಸ ಮಾಡುತ್ತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ವರ್ಷವರ್ಷ ಕೊಡುವ ವರದಿಗಳು ಇದನ್ನೇ ಹೇಳುತ್ತಿವೆ. ಮೆಡಿಕಲ್ ಶಾಪಿನಲ್ಲಿ ‘ಉರಿಮೂತ್ರಕ್ಕೆ ಒಂದು ಕೊಡಿ’ ಅಂತ ಕೇಳಿ ತಂದ ಮಾತ್ರೆ, ಸ್ಟೆಂಟ್ ಇರುವವರಿಗೆ ರಕ್ಷಣೆ ಅಲ್ಲ. ಉರಿ, ಪದೇ ಪದೇ ಅವಸರ, ಮೂತ್ರದಲ್ಲಿ ಸ್ವಲ್ಪ ಕೆಂಪು, ಇವೆಲ್ಲ ಪೈಪಿನ ಕಿರಿಕಿರಿಯಿಂದಲೂ ಬರುತ್ತವೆ. ಅದಕ್ಕೆ ಬೇರೆ ಮಾತ್ರೆ ಇದೆ. ಕಲ್ಲಿನ ಆಪರೇಷನ್ನಿಗೆ ಮುಂಚೆ ಕಲ್ಚರ್‌ನಲ್ಲಿ ಸಿಕ್ಕ ಬ್ಯಾಕ್ಟೀರಿಯಾಕ್ಕೆ ತಕ್ಕ ಔಷಧಿ ಕೊಡುವುದು ಮಾತ್ರ ಬೇರೆ ವಿಚಾರ. ಅದನ್ನು ಬಿಡುವ ಹಾಗಿಲ್ಲ.

ಪೈಪಿಗೇ ಔಷಧಿ ಲೇಪಿಸುವ ಪ್ರಯತ್ನವೂ ನಡೆದಿದೆ. ಬ್ಯಾಕ್ಟೀರಿಯಾ ಕೊಲ್ಲುವ ಟ್ರೈಕ್ಲೋಸಾನ್ ಸೇರಿಸಿದ ಸ್ಟೆಂಟ್ ಮೇಲೆ ಬಹಳ ಆಸೆ ಇತ್ತು. ಮನುಷ್ಯರಲ್ಲಿ ನೋಡಿದಾಗ ಬ್ಯಾಕ್ಟೀರಿಯಾ ಅಂಟುವುದು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ತಾನೇ ಕರಗಿಹೋಗುವ ಸ್ಟೆಂಟ್‌ಗಾಗಿ ಸಂಶೋಧನೆ ನಡೆಯುತ್ತಲೇ ಇದೆ. ಸದ್ಯಕ್ಕೆ ನಿಜವಾದ ಭರವಸೆ ಕಾಣುತ್ತಿರುವುದು ಆಪರೇಷನ್ ಮಾಡುವ ರೀತಿಯಲ್ಲಿ. ನೀರು ಬಿಡುವುದರ ಜೊತೆಗೇ ಪುಡಿಯನ್ನೂ ನೀರನ್ನೂ ಹೀರಿ ತೆಗೆಯುವ ಸಕ್ಷನ್ ಇರುವ, ದುರ್ಬೀನು ಹಾಯಿಸುವ ಮೆತ್ತನೆಯ ಕವಚ ಇತ್ತೀಚಿನ ವರ್ಷಗಳಲ್ಲಿ ಬಂದಿದೆ. ಒಳಗಿನ ಒತ್ತಡ ಏರದಂತೆ ಅದು ನೋಡಿಕೊಳ್ಳುತ್ತದೆ. ಬೆಲೆ ಇಳಿದು ಜಿಲ್ಲಾ ಮಟ್ಟಕ್ಕೂ ಅದು ಬರಬೇಕು.

ಇನ್ನೊಂದು ಪ್ರಶ್ನೆ ಕೇಳಲೇಬೇಕು. ಕಲ್ಲು ತೆಗೆದ ಎಲ್ಲರಿಗೂ ಸ್ಟೆಂಟ್ ಬೇಕಾ? ಅಮೆರಿಕ, ಯುರೋಪಿನ ಯುರಾಲಜಿ (ಮೂತ್ರಾಂಗ ಚಿಕಿತ್ಸೆ) ಸಂಘಗಳ ಮಾರ್ಗಸೂಚಿ ಬೇಡ ಅನ್ನುತ್ತವೆ. ಕಲ್ಲು ಸಲೀಸಾಗಿ ಪೂರ್ತಿ ಬಂದು, ಮೂತ್ರನಾಳಕ್ಕೆ ಪೆಟ್ಟಾಗದೆ, ಇನ್ನೊಂದು ಕಿಡ್ನಿ ಚೆನ್ನಾಗಿದ್ದರೆ ಸ್ಟೆಂಟ್ ಬಿಡಬಹುದು. ಆದರೂ ಹಾಕುವುದೇ ರೂಢಿ. ಅಮೆರಿಕದ ಮಿಷಿಗನ್ ರಾಜ್ಯದ ಆಸ್ಪತ್ರೆಗಳು ಸೇರಿ ಇಟ್ಟ ದಾಖಲೆ ಪ್ರಕಾರ, ಇಂಥ ಆಪರೇಷನ್ ಆದ ಬಹುಪಾಲು ಜನರಿಗೆ ಸ್ಟೆಂಟ್ ಹಾಕಲಾಗಿತ್ತು. ಹಾಕಿಸಿಕೊಂಡವರು ಮತ್ತೆ ತುರ್ತು ಚಿಕಿತ್ಸೆಗೆ ಓಡಿ ಬಂದದ್ದೂ ಜಾಸ್ತಿ. ವೈದ್ಯರ ಭಯವೂ ನಿಜವೇ. ಸ್ಟೆಂಟ್ ಇಲ್ಲದೆ ಕಳಿಸಿ ರಾತ್ರಿ ಮೂತ್ರನಾಳ ಕಟ್ಟಿಕೊಂಡರೆ, ರೋಗಿ ನೂರಾರು ಕಿಲೋಮೀಟರ್ ದೂರದ ಹಳ್ಳಿಯಲ್ಲಿದ್ದರೆ? ಹಾಗೆ ಅನುಮಾನ ಇರುವ ಕಡೆ ಕೆಲವರು ಕೆಳತುದಿಗೆ ದಾರ ಬಿಟ್ಟ ಸ್ಟೆಂಟ್ ಹಾಕುತ್ತಾರೆ. ಕೆಲವೇ ದಿನದಲ್ಲಿ, ದುರ್ಬೀನಿಲ್ಲದೆ, ದಾರ ಎಳೆದು ತೆಗೆಯಬಹುದು. ಎಲ್ಲರಿಗೂ ಇದು ಹೊಂದುವುದಿಲ್ಲ. ಹೊಂದುವವರಿಗೆ ಇದು ಇನ್ನೂ ಹೆಚ್ಚು ಬಳಕೆಗೆ ಬರಬೇಕು ಅಂತ ನನಗನ್ನಿಸುತ್ತದೆ.

ಈಗ ಮರೆತುಹೋದ ಸ್ಟೆಂಟ್ ವಿಚಾರ. ಮರೆತರೆ ಸೋಂಕಿನ ಜೊತೆಗೆ ಕಲ್ಲೂ ಬೆಳೆಯುತ್ತದೆ, ಪೈಪಿನ ಮೇಲೆಯೇ. 1991ರ ಒಂದು ಹಳೆಯ, ಇಂದಿಗೂ ಎಲ್ಲರೂ ಉಲ್ಲೇಖಿಸುವ ಅಧ್ಯಯನದಲ್ಲಿ, ಆರು ವಾರದೊಳಗೆ ತೆಗೆದ ಸ್ಟೆಂಟ್‌ಗಳಲ್ಲಿ ಸುಮಾರು ಶೇ 9ರಷ್ಟಕ್ಕೆ ಲವಣ ಕಟ್ಟಿತ್ತು. ಆರರಿಂದ ಹನ್ನೆರಡು ವಾರ ಇದ್ದವುಗಳಲ್ಲಿ ಶೇ 47. ಹನ್ನೆರಡು ವಾರ ದಾಟಿದವುಗಳಲ್ಲಿ ಶೇ 76. ವರ್ಷಗಟ್ಟಲೆ ಬಿಟ್ಟರೆ ಎರಡೂ ಸುರುಳಿಯ ಸುತ್ತ ಗಟ್ಟಿ ಕಲ್ಲಾಗುತ್ತದೆ, ಪೈಪ್ ಪೆಡಸಾಗಿ ಎಳೆದರೆ ತುಂಡಾಗುತ್ತದೆ. ಐದು ನಿಮಿಷದಲ್ಲಿ ಮರಗಟ್ಟಿಸುವ ಜೆಲ್ಲಿ ಹಾಕಿ ತೆಗೆಯಬಹುದಾಗಿದ್ದದ್ದಕ್ಕೆ ಆಗ ಎರಡು ಮೂರು ಆಪರೇಷನ್ ಬೇಕು. ಕಿಡ್ನಿಯೇ ಹೋದ ಉದಾಹರಣೆಗಳೂ ಇವೆ.

ರೋಗಿಗಳ ಅಸಡ್ಡೆ ಅಂತ ಇದನ್ನು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ರಾಯಚೂರು, ಯಾದಗಿರಿಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರು ಅಲ್ಲೇ ಆಪರೇಷನ್ ಮಾಡಿಸಿಕೊಂಡು ಊರಿಗೆ ಹೋಗುತ್ತಾರೆ. ಫೋನ್ ನಂಬರ್ ಬದಲಾಗುತ್ತದೆ. ನೋವು ನಿಂತ ಮೇಲೆ ಕೂಲಿ ಬಿಟ್ಟು ವಾಪಸ್ ಬರುವುದಕ್ಕೆ ಕಾರಣವೇ ಕಾಣುವುದಿಲ್ಲ. ಹಾಕಿದವರಿಗೆ ಗೊತ್ತು ಒಳಗೆ ಏನಿದೆ ಅಂತ, ಅದನ್ನು ಹೊರಗೆ ತೆಗೆಯುವ ಜವಾಬ್ದಾರಿಯೂ ಅವರದ್ದೇ ಆಗಬೇಕು. ಹಾಕಿದ ಪ್ರತಿ ಸ್ಟೆಂಟ್‌ಗೂ ಒಂದು ರಿಜಿಸ್ಟರ್, ತೆಗೆಯುವ ದಿನ ಬರೆದ ಕನ್ನಡದ ಒಂದು ಚೀಟಿ, ಮನೆಯ ಇಬ್ಬರ ಫೋನ್ ನಂಬರ್, ವಾರ ಮೊದಲು ಒಂದು ಕರೆ. ಇಷ್ಟಕ್ಕೆ ಒಬ್ಬ ಗುಮಾಸ್ತ ಸಾಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಂಥ ಯೋಜನೆಯಲ್ಲಿ ಕಲ್ಲಿನ ಆಪರೇಷನ್ನಿನ ಹಣದ ಒಂದು ಪಾಲನ್ನು ಸ್ಟೆಂಟ್ ತೆಗೆದ ದಿನಾಂಕ ತೋರಿಸಿದ ಮೇಲೆಯೇ ಕೊಡುವಂತೆ ಮಾಡಿದರೆ, ಈ ರಿಜಿಸ್ಟರ್ ತಾನಾಗೇ ಶುರುವಾಗುತ್ತದೆ. ತೆಗೆಯುವ ಕೆಲಸವನ್ನು ರೋಗಿಯ ಊರಿಗೆ ಹತ್ತಿರದ ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನಲ್ಲಿ ಮಾಡಿಸಿಕೊಳ್ಳುವುದಕ್ಕೂ ಅವಕಾಶ ಇರಬೇಕು.

ಅಲ್ಲಿಯ ತನಕ ಸ್ಟೆಂಟ್ ಇರುವವರ ಮನೆಯವರು ಕೆಲವು ಲಕ್ಷಣಗಳ ಮೇಲೆ ಕಣ್ಣಿಡಬೇಕು. ನಡುಕದ ಜೊತೆ 100.4 ಡಿಗ್ರಿ ದಾಟಿದ ಜ್ವರ, ಹೆಚ್ಚುತ್ತಿರುವ ಪಕ್ಕೆನೋವು, ನಿಲ್ಲದ ವಾಂತಿ, ಮೂತ್ರ ತೀರಾ ಕಡಿಮೆಯಾಗುವುದು, ಗಡ್ಡೆಗಡ್ಡೆ ರಕ್ತ. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರೀ ಮಂಕು, ತೊದಲು, ಉಸಿರಾಟದ ವೇಗ ಕಾಣಿಸಬಹುದು. ಆಪರೇಷನ್ ಆದ ಮೊದಲ ದಿನಗಳಲ್ಲಿ, ಸ್ಟೆಂಟ್ ತೆಗೆದ ಮರುದಿನವೂ ಇದು ಆಗಬಹುದು. ಬೆಳಗಾಗಲಿ ಅಂತ ಕಾಯಬೇಡಿ, ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೇ ಹೋದರೂ ಸರಿ. ಆದರೆ ಡ್ಯೂಟಿ ಡಾಕ್ಟರಿಗೆ ‘ಜ್ವರ ಸಾರ್’ ಅನ್ನುವ ಮುಂಚೆ ‘ಕಿಡ್ನಿಗೆ ಸ್ಟೆಂಟ್ ಹಾಕಿದ್ದಾರೆ ಸಾರ್’ ಅನ್ನಿ, ಹಾಕಿದ ದಿನ ಹೇಳಿ, ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಪುಟ ತೆಗೆದು ಕೈಗೆ ಕೊಡಿ. ಆ ಮಾತು ಹೇಳದಿದ್ದರೆ ಮಾಮೂಲಿ ವೈರಲ್ ಜ್ವರ ಅಂದುಕೊಂಡು ಎರಡು ದಿನ ಕಳೆದುಹೋಗುತ್ತದೆ. ಹೇಳಿದರೆ ಅವರು ಆ ರಾತ್ರಿಯೇ ಯೂರಿನ್ ಮತ್ತು ಬ್ಲಡ್ ಕಲ್ಚರ್ ತೆಗೆದು, ಮೊದಲ ಇಂಜೆಕ್ಷನ್ ಹಾಕಿ, ಯುರಾಲಜಿಸ್ಟ್ ಇರುವ ಕಡೆಗೆ ಕಳಿಸಬಹುದು.